ಸ್ವರ ಹುಡುಕಿ ಬಾಳೆಲೆಗೆ

ಥೈರಾಯ್ಡ್ ಗಂಟು ತೆಗೆಸಿಕೊಂಡು ಮೈಸೂರಿನಿಂದ ಮನೆಗೆ ಬಂದಾಗ ನೋಡಲು ಬಂದವರೆಲ್ಲ ನನ್ನ ಕುತ್ತಿಗೆಯ ಗೆರೆಯನ್ನೇ ನೋಡಿದರು. ಎಷ್ಟು ತೆಳುವಾಗಿದೆ, ಸರ ಹಾಕಿದರೆ ಕಾಣುವುದೇ ಇಲ್ಲ ಎಂದು ಸಮಾಧಾನ ಹೇಳಿದರು. ಒಳಗೆ ಏನಾಗಿದೆ ಎಂಬುದು ನನಗೊಬ್ಬಳಿಗೇ ಗೊತ್ತಿತ್ತು. ಬೆಳಿಗ್ಗೆ ಎದ್ದಾಗ ಸ್ವರ ಇರುತ್ತಿತ್ತು. ಶಾಲೆಯಲ್ಲಿ ಎರಡು ಪೀರಿಯಡ್ ಮುಗಿಯುವಷ್ಟರಲ್ಲಿ ಅದು ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತಿತ್ತು. ಮಧ್ಯಾಹ್ನದ ಮೇಲೆ ನಾನು ಹೇಳಿದ್ದು ಮುಂದಿನ ಬೆಂಚಿಗೆ ಮಾತ್ರ ಕೇಳಿಸುತ್ತಿತ್ತು. ಹಿಂದಿನ ಬೆಂಚಿನವರು ಕೇಳಿದ ಹಾಗೆ ಮುಖ ಮಾಡಿಕೊಂಡು ಕೂತಿರುತ್ತಿದ್ದರು.

ನಾನು ಕೊಡಗಿನ ಚೆಟ್ಟಳ್ಳಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ಗಂಡ ಕಾಫಿ ಎಸ್ಟೇಟೊಂದರಲ್ಲಿ ರೈಟರ್, ಆಳುಗಳ ಲೆಕ್ಕ ಬರೆಯುವವರು. ನಮ್ಮದು ಅರೆಭಾಷೆ ಮಾತಾಡುವ ಮನೆ. ನಮ್ಮ ಕಡೆ ಮದುವೆಗಳಲ್ಲಿ ಹೆಂಗಸರು ಸೋಬಾನೆ ಹೇಳುತ್ತಾರೆ. ಒಬ್ಬಳು ಮುಂದೆ ಸಾಲು ಎತ್ತಿಕೊಡುತ್ತಾಳೆ, ಉಳಿದವರು ಹಿಂದಿನಿಂದ ಹಿಡಿಯುತ್ತಾರೆ. ನಮ್ಮ ಅತ್ತೆಗೆ ಉಸಿರು ಕಟ್ಟತೊಡಗಿದ ಮೇಲೆ ಎತ್ತಿಕೊಡುವ ಕೆಲಸ ನನಗೆ ಬಂದಿತ್ತು. ಎಷ್ಟೋ ಹುಡುಗಿಯರನ್ನು ಹಾಡಿ ಗಂಡನ ಮನೆಗೆ ಕಳಿಸಿದ್ದೇನೆ. ಮೈಕ್ ಬೇಕಾಗುತ್ತಿರಲಿಲ್ಲ. ಚಪ್ಪರದ ಆಚೆ ಅಡಿಗೆ ಮಾಡುವವರಿಗೂ ಕೇಳಿಸುತ್ತಿತ್ತು ಎಂದು ಜನ ಹೇಳುತ್ತಿದ್ದರು. ನಾನು ಅದನ್ನು ದೊಡ್ಡ ವಿಷಯ ಎಂದುಕೊಂಡವಳಲ್ಲ. ಕಾಲು ಇದ್ದವರು ನಡೆಯುವ ಹಾಗೆ ಅದು.

ಡಾಕ್ಟರು ಒಳ್ಳೆಯವರು. ಸ್ವರಕ್ಕೆ ಹೋಗುವ ನರ ಆ ಗಂಟಿಗೆ ಅಂಟಿಕೊಂಡೇ ಇತ್ತು, ಅದನ್ನು ಉಳಿಸಿದ್ದೇವೆ, ಆದರೆ ಅದು ದಣಿದಿದೆ, ಮೆಲ್ಲಗೆ ಸರಿಯಾಗುತ್ತದೆ ಎಂದರು. ಹೊರಡುವಾಗ, "ನೀವು ಹಾಡ್ತೀರಲ್ಲ, ಯಾರಾದ್ರೂ ಒಳ್ಳೆ ಸಂಗೀತದ ಟೀಚರ್ ಹತ್ರ ಹೋಗಿ. ಗಂಟಲಿಗೆ ಅಭ್ಯಾಸ ಬೇಕು" ಎಂದರು. ಒಳ್ಳೆಯ ಟೀಚರ್ ಎಂದರೆ ಯಾರು, ಹೇಗೆ ಗೊತ್ತಾಗಬೇಕು ಎಂದು ನಾನು ಕೇಳಲಿಲ್ಲ. ನಾನೇ ಟೀಚರ್. ಅದು ಗೊತ್ತಾಗುತ್ತದೆ ಎಂದುಕೊಂಡಿದ್ದೆ.

ಮೊದಲು ಹೋದದ್ದು ಮಡಿಕೇರಿಗೆ. ಒಂದು ಅಂಗಡಿಯ ಮೇಲಿನ ಕೋಣೆಯಲ್ಲಿ ಶಾಸ್ತ್ರೀಯ ಸಂಗೀತ ಹೇಳಿಕೊಡುವ ವಿದ್ವಾಂಸರೊಬ್ಬರಿದ್ದರು. ಕರಾವಳಿಯಿಂದ ಬಂದು ಇಲ್ಲೇ ನೆಲೆಸಿದವರು. ಅವರ ಶಿಷ್ಯರು ಪರೀಕ್ಷೆಗಳಲ್ಲಿ ಮೇಲಿನ ಸ್ಥಾನ ಪಡೆದ ಫೋಟೊಗಳು ಗೋಡೆಯ ತುಂಬ ಇದ್ದವು. ಅದನ್ನು ನೋಡಿಯೇ ನನಗೆ ನಂಬಿಕೆ ಬಂತು. ಆಪರೇಷನ್ ವಿಷಯ ಹೇಳಿದೆ. ಅವರು ತಲೆದೂಗಿದರು, ಆದರೆ ಕಣ್ಣು ತಂಬೂರಿ ಪೆಟ್ಟಿಗೆಯ ಮೇಲೆಯೇ ಇತ್ತು.

"ಸಾಧನೆ ಇದ್ದರೆ ಎಲ್ಲ ಸರಿಯಾಗ್ತದೆ. ಕೂತ್ಕೊಳ್ಳಿ" ಎಂದರು.

ಮಕ್ಕಳ ಜೊತೆ ಕೂರಿಸಿದರು. ಅವರ ಶ್ರುತಿಯೇ ನನಗೂ. ಸಣ್ಣ ಹುಡುಗಿಯರು ಸಲೀಸಾಗಿ ಏರುವ ಕಡೆ ನಾನು ಕುತ್ತಿಗೆ ಚಾಚಿ, ಗಲ್ಲ ಎತ್ತಿ ಏರಲು ನೋಡುತ್ತಿದ್ದೆ. ಸ್ವರ ಒಡೆದಾಗ ಅವರು ತೊಡೆಯ ಮೇಲೆ ತಾಳ ಹಾಕುವುದನ್ನು ನಿಲ್ಲಿಸದೆ, "ಗಂಟಲು ಬಿಟ್ಟು ಹಾಡಿ. ಹೆದರಿಕೆಯಿಂದ ಹೀಗಾಗುವುದು" ಎನ್ನುತ್ತಿದ್ದರು. ಒಂದು ದಿನ, ಸ್ವಲ್ಪ ಶ್ರುತಿ ಇಳಿಸಬಹುದೇ ಸರ್ ಎಂದು ಕೇಳಿದೆ. ಅವರಿಗೆ ಸಿಟ್ಟೇನೂ ಬರಲಿಲ್ಲ. ಪಕ್ಕದಲ್ಲಿ ಕೂತಿದ್ದ ಮಕ್ಕಳನ್ನು ತೋರಿಸಿ, "ನಿಮ್ಮೊಬ್ಬರಿಗೋಸ್ಕರ ಇವರನ್ನೆಲ್ಲ ಇಳಿಸಲಿಕ್ಕೆ ಆಗ್ತದಾ ಅಮ್ಮ?" ಎಂದರು. ಅದೂ ನ್ಯಾಯವೇ ಅನ್ನಿಸಿತು.

ಪ್ರತಿ ಪಾಠ ಮುಗಿಸಿ ಮೆಟ್ಟಿಲು ಇಳಿಯುವಾಗ ಗಂಟಲಿನಲ್ಲಿ ಮುಳ್ಳು ಸಿಕ್ಕಿಕೊಂಡ ಹಾಗಿರುತ್ತಿತ್ತು. ವ್ಯಾಯಾಮ ಮಾಡಿದರೆ ಮೈ ನೋಯುವುದಿಲ್ಲವೇ, ಹಾಗೆಯೇ ಇದು ಎಂದು ನನಗೆ ನಾನೇ ಹೇಳಿಕೊಂಡೆ. ನೋವಾದರೆ ಕೆಲಸ ನಡೆಯುತ್ತಿದೆ ಎಂದು ಅರ್ಥ ಎಂಬ ಲೆಕ್ಕ ನಮ್ಮಲ್ಲಿ ಚಿಕ್ಕಂದಿನಿಂದ ಕೂತಿರುತ್ತದೆ. ಒಂದು ಸೋಮವಾರ ಹತ್ತನೆಯ ಕ್ಲಾಸಿಗೆ ಹೋಗಿ ಪದ್ಯ ಓದಲು ಬಾಯಿ ತೆರೆದೆ. ಗಾಳಿ ಮಾತ್ರ ಬಂತು. ಮಕ್ಕಳು ನಗಲಿಲ್ಲ. ಮುಂದಿನ ಬೆಂಚಿನ ಹುಡುಗಿ ಎದ್ದು ತನ್ನ ನೀರಿನ ಬಾಟಲಿ ಕೊಟ್ಟಳು. ಬೋರ್ಡಿನ ಮೇಲೆ ಬರೆದು ಬರೆದು ಆ ವಾರ ಕಳೆದೆ. ಮಡಿಕೇರಿಗೆ ಹೋಗುವುದು ಅಲ್ಲಿಗೆ ನಿಂತಿತು.

ಎರಡನೆಯವರ ವಿಷಯ ಸ್ಟಾಫ್ ರೂಮಿನಲ್ಲಿ ತಿಳಿಯಿತು. ಕುಶಾಲನಗರದಲ್ಲಿ, ಹಾರಂಗಿಗೆ ಹೋಗುವ ರಸ್ತೆಯ ಕಡೆ, ಒಬ್ಬ ಯುವಕ ವಾಯ್ಸ್ ಟ್ರೈನಿಂಗ್ ಕೊಡುತ್ತಾನೆ, ಟೀವಿಯಲ್ಲಿ ಹಾಡಿದ ಮಕ್ಕಳು ಅವನ ಹತ್ತಿರವೇ ಕಲಿತದ್ದು ಎಂದರು. ಹೋದೆ. ಗೋಡೆಗೆಲ್ಲ ಕಪ್ಪು ಸ್ಪಂಜು ಅಂಟಿಸಿದ ಕೋಣೆ. ಕೀಬೋರ್ಡ್, ಹೆಡ್‌ಫೋನ್, ಸರಳಿಗೆ ಸಿಕ್ಕಿಸಿದ ಮೈಕು. ಹುಡುಗ ನಗುಮುಖದವನು. ನನ್ನ ಮಾತನ್ನು ಪೂರ್ತಿ ಕೇಳಿದ. ಶ್ರುತಿಯನ್ನೂ ಇಳಿಸಿದ. ಮೊದಲ ದಿನವೇ ಹೆಡ್‌ಫೋನ್ ಹಾಕಿ ಹಾಡಿಸಿ, "ಈಗ ಕೇಳಿ ಮೇಡಂ" ಎಂದ.

ಕೇಳಿ ನನಗೆ ಮೈ ಜುಮ್ಮೆಂದಿತು. ಒಡಕಿಲ್ಲ, ಗಾಳಿಯಿಲ್ಲ. ದೇವಸ್ಥಾನದೊಳಗೆ ನಿಂತು ಹಾಡಿದ ಹಾಗೆ ಸ್ವರ ಸುತ್ತಿ ಸುತ್ತಿ ಬರುತ್ತಿತ್ತು.

"ಮೂರು ತಿಂಗಳು ಕೊಡಿ, ಸ್ಟೇಜ್ ಮೇಲೆ ನಿಲ್ಲಿಸ್ತೀನಿ" ಎಂದ.

ಆ ಹಾಡನ್ನು ಫೋನಿಗೆ ಹಾಕಿಕೊಟ್ಟ. ಮನೆಗೆ ಬಂದು ಅತ್ತೆಗೆ ಕೇಳಿಸಿದೆ. ಅವರು ಒಲೆಯ ಮುಂದೆ ಕೂತು ಕಣ್ಣು ಮುಚ್ಚಿ ಕೇಳಿದರು.

"ಲಾಯ್ಕ್ ಉಟ್ಟು" ಎಂದರು. ಚೆನ್ನಾಗಿದೆ ಎಂದು. ಆಮೇಲೆ, "ಇದ್ ಯಾರ್?" ಎಂದು ಕೇಳಿದರು.

ಅವರು ತಮಾಷೆ ಮಾಡಿದ್ದಲ್ಲ. ನಾನು ಫೋನು ಎತ್ತಿಕೊಂಡು ಬಚ್ಚಲಿಗೆ ಹೋಗಿ ಅದೇ ಹಾಡನ್ನು ಬರಿಗಂಟಲಿನಲ್ಲಿ ಹೇಳಿ ನೋಡಿದೆ. ಎರಡನೆಯ ಸಾಲಿಗೇ ಕೆಮ್ಮು ಬಂತು.

ಆದರೂ ಕೆಲವು ವಾರ ಹೋದೆ. ಅಲ್ಲಿ ಹಾಡುವುದು ಸುಖವಾಗಿತ್ತು, ಅದರಲ್ಲಿ ಸುಳ್ಳು ಹೇಳಬಾರದು. ದಿನವೆಲ್ಲ ಗೊಗ್ಗರು ದನಿಯಲ್ಲಿ ಮಾತಾಡಿದವಳಿಗೆ ಅರ್ಧ ಗಂಟೆ ತನ್ನದೇ ಎನ್ನಿಸುವ ಒಂದು ಚಂದದ ಸ್ವರ ಕಿವಿಯಲ್ಲಿ ಕೇಳಿಸಿದರೆ ಯಾರು ಬೇಡವೆನ್ನುತ್ತಾರೆ? ಆಮೇಲೆ ಒಂದು ದಿನ ಹುಡುಗ, "ಮೇಡಂ, ನಿಮ್ದೊಂದು ವಿಡಿಯೊ ಮಾಡೋಣ. ಆಪರೇಷನ್ ಆದ್ಮೇಲೆ ಹೇಗಿದ್ರಿ, ಈಗ ಹೇಗೆ ಹಾಡ್ತೀರಿ ಅಂತ. ಗಾಯ ಕಾಣೋ ಹಾಗೆ ಸರ ಸ್ವಲ್ಪ ತೆಗೀರಿ" ಎಂದ. ಅವನಿಗೆ ಅದರಲ್ಲಿ ಕೆಟ್ಟದ್ದೇನೂ ಕಾಣಲಿಲ್ಲ. ನಾನು ಮುಂದಿನ ವಾರ ಮಾಡೋಣ ಎಂದು ಹೇಳಿ ಬಂದವಳು ಮತ್ತೆ ಹೋಗಲಿಲ್ಲ. ಅವನು ಎರಡು ಸಲ ಫೋನ್ ಮಾಡಿದ. ಕಾಫಿ ಪಿಕಿಂಗ್ ಸಮಯ, ಮನೆಯಲ್ಲಿ ಕೆಲಸ ಜಾಸ್ತಿ ಎಂದೆ.

ಕೆಲಸ ನಿಜವಾಗಿಯೂ ಜಾಸ್ತಿ ಇತ್ತು. ಕಾಫಿ ಹಣ್ಣಾಗಿತ್ತು. ಗಂಡ ಕತ್ತಲಿರುವಾಗಲೇ ಎದ್ದು ಆಳುಗಳ ಲೈನುಮನೆಗಳ ಕಡೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಮನೆಯ ಹಿಂದಿನ ನಮ್ಮ ಸ್ವಲ್ಪ ಕಾಫಿಯನ್ನೂ ಕೊಯ್ದು ಕಣದಲ್ಲಿ ಹರಡಬೇಕಿತ್ತು. ನಾನು ಮಾತು ಕಡಿಮೆ ಮಾಡಿದೆ. ಮನೆಯಲ್ಲಿ ಸನ್ನೆಯಲ್ಲೇ ಮುಗಿಸುತ್ತಿದ್ದೆ. ಹಾಗಿದ್ದುಬಿಡಬಹುದಲ್ಲ, ಎಷ್ಟೋ ಜನ ಹಾಡದೆಯೇ ಬದುಕುತ್ತಾರೆ ಎಂದು ಯೋಚಿಸಿದ್ದೂ ಉಂಟು.

ಆಗ ಬಾಳೆಲೆಯ ಕಡೆಯಿಂದ ವರ್ಗವಾಗಿ ಬಂದ ವಿಜ್ಞಾನದ ಟೀಚರೊಬ್ಬರು ತಮ್ಮೂರಿನಲ್ಲಿ ಒಬ್ಬ ಹೆಂಗಸು ಇದ್ದಾರೆ ಎಂದರು. ಮಲಯಾಳಿ. ಚರ್ಚಿನ ಹಾಡುಗಾರರಿಗೆ ತುಂಬ ವರ್ಷ ಕಲಿಸಿದವರು, ನಾಟಕದವರಿಗೂ ಹೇಳಿಕೊಡುತ್ತಿದ್ದರು. ಬೋರ್ಡು ಗೀರ್ಡು ಇಲ್ಲ. "ಆದ್ರೆ ಅವ್ರು ಎಲ್ರನ್ನೂ ತಗೊಳಲ್ಲ" ಎಂದು ಸೇರಿಸಿದರು. ನನಗೆ ಇನ್ನೊಂದು ಬಾಗಿಲು ತಟ್ಟುವ ಉಮೇದು ಇರಲಿಲ್ಲ. ಚೆಟ್ಟಳ್ಳಿಯಿಂದ ಸಿದ್ದಾಪುರ, ಅಲ್ಲಿಂದ ಗೋಣಿಕೊಪ್ಪ, ಮತ್ತೆ ಬಸ್ಸು ಬದಲಿಸಿ ಬಾಳೆಲೆ. ಶನಿವಾರ ಅರ್ಧ ದಿನ ಶಾಲೆ ಮುಗಿಸಿ ಹೊರಟರೆ ಮನೆಗೆ ಮುಟ್ಟುವಾಗ ರಾತ್ರಿ. ಆದರೆ ಗಂಡ ಒಂದೇ ಮಾತು ಹೇಳಿದರು. "ಒಂದ್ ಸಲ ಹೋಗಿ ಬಾ. ಆಮೇಲೆ ಬಿಡುದಾದ್ರೆ ಬಿಡ್."

ಆ ಮನೆ ಗದ್ದೆಯ ಅಂಚಿನಲ್ಲಿತ್ತು. ನನಗಿಂತ ಹತ್ತು ಹದಿನೈದು ವರ್ಷ ದೊಡ್ಡವರು, ನೈಟಿಯ ಮೇಲೆ ತೋರ್ತು, ತೆಳು ಟವೆಲ್ಲು, ಹಾಕಿಕೊಂಡು ಮೆಣಸು ಒಣಗಲು ಹಾಕುತ್ತಿದ್ದರು. ಕೈ ತೊಳೆದು ಬಂದು ಕೂತರು. ನಾನು ಹಾಡಲು ಸಿದ್ಧವಾಗಿಯೇ ಹೋಗಿದ್ದೆ. ಅವರು ಹಾಡಿಸಲಿಲ್ಲ.

"ಟೀಚರೇ, ನೀವು ಬಸ್ಸಲ್ಲಿ ಹೇಗೆ ಬಂದ್ರಿ, ಅದು ಹೇಳಿ. ನಾನು ಕೇಳ್ತೇನೆ" ಎಂದರು.

ನಾನು ಹೇಳಿದೆ. ಸಿದ್ದಾಪುರದ ರಶ್ಶು, ಗೋಣಿಕೊಪ್ಪದಲ್ಲಿ ತಪ್ಪಿದ ಬಸ್ಸು, ಎಲ್ಲ. ಅವರು ನನ್ನ ಮುಖ ನೋಡುತ್ತಿರಲಿಲ್ಲ. ಹೆಗಲು ನೋಡುತ್ತಿದ್ದರು. ಎದ್ದು ಹಿಂದೆ ಬಂದು ಬೆನ್ನಿನ ಕೆಳಗೆ ಅಂಗೈ ಇಟ್ಟರು. ಮಾತು ಮುಂದುವರಿಸಿ ಎಂದರು. ಆಮೇಲೆ ಬಾಯಿ ಮುಚ್ಚಿ, ಸಾಕಿದ ದನಕ್ಕೆ ಹೂಂಗುಟ್ಟುವ ಹಾಗೆ ಮೆಲ್ಲಗೆ ಒಂದು ದನಿ ಮಾಡಿಸಿದರು. ಅದು ಗರಗರ ಎಂದ ಕೂಡಲೇ ಕೈ ಎತ್ತಿ ನಿಲ್ಲಿಸಿದರು. ಇನ್ನಷ್ಟು ಕೆಳಗೆ ಮಾಡಿಸಿದರು. ಮತ್ತೆ ನಿಲ್ಲಿಸಿದರು. ಹೀಗೆ ನಾಲ್ಕಾರು ಸಲ.

"ಸಾಕು ಇವತ್ತಿಗೆ" ಎಂದು ಚಾ ಇಡಲು ಎದ್ದರು.

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅಷ್ಟು ದೂರದಿಂದ ಬಂದದ್ದು ದನಕ್ಕೆ ಹೂಂಗುಟ್ಟಲಿಕ್ಕೋ? ಹಾಡೇ ಕೇಳಲಿಲ್ಲವಲ್ಲ ಎಂದೆ. ಅವರು ಒಳಗಿನಿಂದಲೇ, "ಹಾಡು ಈಗಲೇ ಯಾಕೆ? ಮಾತೇ ನೋವು ಮಾಡ್ತಾ ಉಂಟು ನಿಮಗೆ" ಎಂದರು. ಚಾ ತಂದುಕೊಟ್ಟ ಮೇಲೆ ತಾವಾಗಿ ಹೇಳಿದರು. "ನೀವು ನನ್ನನ್ನು ಈಗಲೇ ನಂಬಬೇಡಿ. ಮನೆಗೆ ಹೋಗಿ ನೋಡಿ. ಪಾಠ ಮುಗಿದ ಮೇಲೆ ಗಂಟಲು ನೋಯ್ತಾ ಉಂಟಾದ್ರೆ ಆ ಪಾಠ ತಪ್ಪು. ನನ್ನದಾದ್ರೂ ತಪ್ಪೇ."

ಮನೆಗೆ ಬಂದಾಗ ಅತ್ತೆ ಅನ್ನ ಮುಚ್ಚಿಟ್ಟು ಕಾಯುತ್ತಿದ್ದರು. "ಎಂತ ಕಲ್ತ ಇಂದ್?" ಎಂದು ಕೇಳಿದರು. ಏನೂ ಇಲ್ಲ ಎಂದೆ. ಹೇಳಿದ ಮೇಲೆ ಗೊತ್ತಾಯಿತು, ಅಷ್ಟೊಂದು ಹೊತ್ತು ಬಸ್ಸಿನಲ್ಲಿ ಧೂಳು ಕುಡಿದು ಬಂದರೂ ಗಂಟಲು ನೋಯುತ್ತಿರಲಿಲ್ಲ. ಮೈಯೆಲ್ಲ ನೋಯುತ್ತಿತ್ತು. ಗಂಟಲೊಂದು ಬಿಟ್ಟು.

ಎರಡನೆಯ ಸಲ ಹೋದಾಗ ಅವರು ನನ್ನನ್ನು ಮೂಲೆಯ ಕುರ್ಚಿಯಲ್ಲಿ ಕೂರಿಸಿ ಬೇರೊಬ್ಬರ ಪಾಠ ನೋಡಲು ಹೇಳಿದರು. ಕಾಲೇಜಿನ ಹುಡುಗಿ, ನಾಟಕದಲ್ಲಿ ಪಾತ್ರ ಮಾಡುವವಳು. ಅವಳಿಗೆ ಕಲಿಸಿದ್ದಕ್ಕೂ ನನಗೆ ಕಲಿಸಿದ್ದಕ್ಕೂ ಸಂಬಂಧವೇ ಇರಲಿಲ್ಲ. ಅವಳನ್ನು ಅಂಗಳದ ತುದಿಗೆ ನಿಲ್ಲಿಸಿ ಕೂಗಿಸಿದರು. ಹುಡುಗಿ ಎರಡು ಸಲ ವಾದ ಮಾಡಿದಳು. ಹಾಗಲ್ಲ ಚೇಚಿ, ಹೀಗೆ ಮಾಡಿದರೆ ಸುಲಭ ಎಂದಳು. ಅವರು ಕೇಳಿ, ಸರಿ, ಹಾಗೇ ಮಾಡು, ಅದೂ ಒಳ್ಳೆದೇ ಎಂದರು. ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ ನಾನು ಒಂದು ಸಲವಾದರೂ ಹಾಗೆ ಹೇಳಿದ್ದೆನೇ ಎಂದು ನೆನಪು ಮಾಡಿಕೊಳ್ಳಲು ಹೋಗಿ ಬಿಟ್ಟುಬಿಟ್ಟೆ. ಆ ದಿನದಿಂದ ನಾನೂ ಅವರನ್ನು ಚೇಚಿ, ಅಂದರೆ ಅಕ್ಕ, ಎಂದೇ ಕರೆದೆ.

ಕೆಲವು ತಿಂಗಳು ಹಾಗೇ ನಡೆಯಿತು. ಚಳಿ ಹೋಗಿ, ಕಾಫಿ ಹೂವಾಗಿ, ಬಿಸಿಲು ಏರಿತು. ಹೂಂಗುಟ್ಟುವುದು ಹೋಗಿ ಬಾಯಿ ತೆರೆದು 'ಆ' ಎನ್ನುವ ಆಕಾರ ಬಂತು, ಆಮೇಲೆ ಸಣ್ಣ ಸಾಲುಗಳು. ಶಾಲೆಯಲ್ಲಿ ಮೂರನೆಯ ಪೀರಿಯಡ್‌ವರೆಗೆ ಸ್ವರ ಉಳಿಯತೊಡಗಿತು. ಆದರೆ ಮೇಲಿನ ಸ್ಥಾಯಿಯ ಹತ್ತಿರ ಹೋದ ಕೂಡಲೇ ಏನೋ ಜಾರುತ್ತಿತ್ತು. ಮೆಟ್ಟಿಲಿದೆ ಎಂದು ಕಾಲಿಟ್ಟರೆ ಇಲ್ಲದ ಹಾಗೆ. ಒಂದು ಶನಿವಾರ ಅದೇ ಜಾಗದಲ್ಲಿ ಮತ್ತೆ ಮತ್ತೆ ಜಾರಿದಾಗ ಚೇಚಿ ಹಾರ್ಮೋನಿಯಂ ಮುಚ್ಚಿದರು.

"ಟೀಚರೇ, ಇದು ಯಾಕೆ ಅಂತ ನನಗೆ ಗೊತ್ತಿಲ್ಲ."

ನಾನು ಬಾಟಲಿ ತೆಗೆದು ನೀರು ಕುಡಿದೆ.

"ಅಭ್ಯಾಸ ಸಾಲದೋ, ಒಳಗೆ ನರವೇ ಕೆಲಸ ಮಾಡುದಿಲ್ಲವೋ, ಅದು ನನ್ನ ಕಿವಿಗೆ ತಿಳಿಯುದಿಲ್ಲ. ಡಾಕ್ಟರ್ ಕ್ಯಾಮೆರಾ ಹಾಕಿ ನೋಡ್ಲಿ. ಅಲ್ಲಿವರೆಗೆ ಮೇಲೆ ಹೋಗುದು ಬೇಡ."

ಮಡಿಕೇರಿಯ ವಿದ್ವಾಂಸರು ಗೊತ್ತಿಲ್ಲ ಎಂದಿರಲಿಲ್ಲ. ಕುಶಾಲನಗರದ ಹುಡುಗನೂ ಎಂದಿರಲಿಲ್ಲ. ನಾನೂ ಕ್ಲಾಸಿನಲ್ಲಿ ಅಷ್ಟು ಸುಲಭವಾಗಿ ಹೇಳುವವಳಲ್ಲ. ಮೈಸೂರಿಗೆ ಹೋದೆ. ಮೂಗಿನಿಂದ ತೆಳ್ಳನೆಯ ಕೊಳವೆ ಇಳಿಸಿ ಪರದೆಯ ಮೇಲೆ ತೋರಿಸಿದರು. ಸ್ವರ ಹೊರಡಿಸುವ ಎರಡು ಪಟ್ಟಿಗಳಲ್ಲಿ ಒಂದು ಬಿಗಿಯಾಗಿ ಬರುತ್ತಿತ್ತು, ಇನ್ನೊಂದು ನಿದ್ದೆಗಣ್ಣಿನಲ್ಲಿ ಎದ್ದವರ ಹಾಗೆ ನಿಧಾನ. ತುಂಬ ಸುಧಾರಿಸಿದೆ, ಇನ್ನು ಹೆಚ್ಚು ಸುಧಾರಿಸುವುದು ಕಷ್ಟ ಎಂದರು ಡಾಕ್ಟರು. ಯಾರು ಅಭ್ಯಾಸ ಮಾಡಿಸಿದ್ದು, ಸರಿಯಾಗಿ ಮಾಡಿಸಿದ್ದಾರೆ ಎಂದೂ ಹೇಳಿದರು.

ಚೇಚಿ ಆ ವಿಷಯ ಕೇಳಿ ಹೊಗಳಿಕೆಯನ್ನು ಬಿಟ್ಟು ಉಳಿದದ್ದನ್ನು ಹಿಡಿದರು. "ಹಾಗಾದ್ರೆ ಮೊದಲಿನ ಸ್ವರ ಬರುದಿಲ್ಲ" ಎಂದರು. ಅಷ್ಟು ದಿನ ಯಾರೂ ನನಗೆ ಅದನ್ನು ಹೇಳಿರಲಿಲ್ಲ. ನಾನೂ ಹೇಳಿಕೊಂಡಿರಲಿಲ್ಲ. ನನಗೆ ದುಃಖವಾಯಿತೋ ಎಂದರೆ, ಆಗಿದ್ದು ಬೇರೇನೋ. ಭಾರದ ಚೀಲವನ್ನು ಎತ್ತಿಕೊಂಡು ನಿಂತವರಿಗೆ ಇನ್ನು ಬಸ್ಸು ಬರುವುದಿಲ್ಲ ಎಂದು ಯಾರೋ ಹೇಳಿದ ಹಾಗೆ. ಚೀಲ ಕೆಳಗಿಟ್ಟೆ, ಅಷ್ಟೆ. ಅವರ ಅಡಿಗೆಮನೆಯ ಬೆಂಚಿನ ಮೇಲೆ ಕೂತು ಸ್ವಲ್ಪ ಅತ್ತೆ. ಅವರು ಕಪ್ಪ ಬೇಯಿಸುತ್ತಿದ್ದರು. ಮರಗೆಣಸಿನ ಹಬೆ ಕೋಣೆ ತುಂಬಿತ್ತು. ಅಳಬೇಡಿ ಎಂದೇನೂ ಹೇಳಲಿಲ್ಲ. ತಟ್ಟೆಯಲ್ಲಿ ಹಾಕಿಕೊಟ್ಟರು, ತಿಂದೆ.

ಬೇಸಿಗೆಯ ಕೊನೆಗೆ ಗಂಡನ ತಮ್ಮನ ಮಗಳ ಮದುವೆ ಬಂತು. ಸೋಬಾನೆಗೆ ಯಾರು ಎಂಬ ಪ್ರಶ್ನೆಯನ್ನು ಯಾರೂ ನನ್ನೆದುರು ಎತ್ತಲಿಲ್ಲ. ಅತ್ತೆಯೇ ಒಂದು ಸಂಜೆ ಕೇಳಿದರು. "ನೀ ಹಾಡದಿದ್ರೆ ಯಾರ್ ಹಾಡುದು?" ಮೊದಲಿನ ಹಾಗೆ ಬರುವುದಿಲ್ಲ ಅತ್ತೆ ಎಂದೆ. "ಮೊದಲ್‌ನಂಗೆ ನಂಗೂ ಬಾದುಲೆ. ಉಸಿರೇ ಇಲ್ಲೆ" ಎಂದು ಹೇಳಿ ಹಾಸಿಗೆಯ ಕಡೆ ತಿರುಗಿದರು.

ಚೇಚಿಗೆ ಸೋಬಾನೆ ಗೊತ್ತಿರಲಿಲ್ಲ. ಹಾಡಿ ತೋರಿಸಿ ಎಂದರು. ಎಲ್ಲಿ ಏರುತ್ತದೆ, ಎಲ್ಲಿ ಉಸಿರು ತೆಗೆಯುತ್ತೀರಿ, ಹಿಂದಿನವರು ಎಲ್ಲಿ ಸೇರುತ್ತಾರೆ ಎಂದು ಕೇಳಿಕೊಂಡರು. ಆಮೇಲೆ ತುಂಬ ಕೆಳಗಿನ ಶ್ರುತಿಯೊಂದನ್ನು ಹಿಡಿದುಕೊಟ್ಟು, "ಇಲ್ಲಿಂದ ಎತ್ತಿ. ಮೇಲಿನ ಸಾಲು ನಿಮ್ಮದಲ್ಲ, ಬೇರೆಯವರಿಗೆ ಕೊಡಿ" ಎಂದರು. ಕೊಡುವುದು ಎಂದರೆ ಯಾರಿಗೆ? ನಾದಿನಿಗೆ ಹೇಳಿದೆ. ಅವಳು ಒಪ್ಪಲು ತಿಂಗಳು ಹಿಡಿಯಿತು.

ಮದುವೆಯ ದಿನ ಹೆಣ್ಣನ್ನು ಕಳಿಸುವ ಹೊತ್ತಿಗೆ ಬಿಸಿಲು ಇಳಿಯುತ್ತಿತ್ತು. ಹೊರಗೆ ಆರ್ಕೆಸ್ಟ್ರಾದವರು ಡಬ್ಬ ಕಟ್ಟುತ್ತಿದ್ದರು. ನಾನು ಎತ್ತಿದೆ. ಹಿಂದೆ ನಿಂತ ಹೆಂಗಸರಿಗೆ ನನ್ನ ಹಳೆಯ ಎತ್ತರವೇ ಅಭ್ಯಾಸ. ಅವರು ಅಲ್ಲಿಂದ ಹಿಡಿಯಲು ಹೋಗಿ ತಡವರಿಸಿದರು. ಒಂದಿಬ್ಬರು ನಿಲ್ಲಿಸಿಯೇಬಿಟ್ಟರು. ನಾನು ಅದೇ ಸಾಲನ್ನು ಮತ್ತೆ ಹೇಳಿದೆ, ಅದೇ ಕೆಳಗಿನ ಜಾಗದಿಂದ. ಈ ಸಲ ಯಾರೋ ಬಂದರು. ಇನ್ನೊಬ್ಬರು ಬಂದರು. ಏರುವ ಸಾಲಿಗೆ ನಾದಿನಿ ಕಣ್ಣು ಮುಚ್ಚಿಕೊಂಡು ಹಾರಿದಳು, ಸ್ವಲ್ಪ ನಡುಗಿದಳು, ಆದರೆ ಮುಟ್ಟಿದಳು. ಹುಡುಗಿ ಅತ್ತಳು. ಅವಳಮ್ಮನೂ ಅತ್ತಳು. ಎಲ್ಲ ಮದುವೆಯಲ್ಲಿ ಆಗುವ ಹಾಗೆಯೇ ಆಯಿತು.

ಊಟದ ಕಡೆ ಹೋಗುವಾಗ ದೂರದ ಸಂಬಂಧಿಯೊಬ್ಬರು ಇನ್ನೊಬ್ಬರಿಗೆ, "ಸ್ವರ ಗಂಡಸ್ರಂಗೆ ಆಗುಟ್ಟಲ್ಲಾ" ಎಂದದ್ದು ಕೇಳಿಸಿತು. ಸರಿಯಾಗಿಯೇ ಹೇಳಿದ್ದರು. ನಾನು ಬಾಳೆ ಎಲೆಯ ಮುಂದೆ ಕೂತೆ. ಬಡಿಸುವವರು ಬರುವ ಮೊದಲೇ ಕಣ್ಣು ಎಳೆಯುತ್ತಿತ್ತು.

ಈಗಲೂ ತಿಂಗಳಿಗೊಮ್ಮೆ ಬಾಳೆಲೆಗೆ ಹೋಗುತ್ತೇನೆ. ಶಾಲೆಯಲ್ಲಿ ಕುತ್ತಿಗೆಗೆ ಸಿಕ್ಕಿಸಿಕೊಳ್ಳುವ ಸಣ್ಣ ಮೈಕು ತಂದಿದ್ದೇನೆ. ಅದು ಕೆಲವೊಮ್ಮೆ ಕಿರ್ರೆನ್ನುತ್ತದೆ. ಜನ ಈಗ ನನ್ನನ್ನು ಒಳ್ಳೆಯ ಸಂಗೀತದ ಟೀಚರ್ ಯಾರು ಎಂದು ಕೇಳುತ್ತಾರೆ. ಮೊನ್ನೆ ಸ್ಟಾಫ್ ರೂಮಿನಲ್ಲಿ ಒಬ್ಬರು ಮಗಳಿಗೆ ಎಂದು ಕೇಳಿದರು. ಮೊದಲು ಒಂದು ಪಾಠ ಕೂತು ನೋಡಿ, ಮಗುವಿನ ಗಂಟಲು ನೋಯ್ತಾ ಎಂದು ಕೇಳಿ, ಅವರು ಮಗುವನ್ನು ಹಾಡಿಸುವ ಮೊದಲು ಅದರ ಮಾತು ಕೇಳುತ್ತಾರಾ ನೋಡಿ ಎಂದೆಲ್ಲ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಆಮೇಲೆ ಕುಶಾಲನಗರದ ಹುಡುಗನ ಹತ್ತಿರವೇ ಸೇರಿಸಿದರು. ಹತ್ತಿರ ಅಲ್ಲವಾ ಎಂದರು. ಮಗು ಖುಷಿಯಾಗಿದೆಯಂತೆ. ಹನ್ನೊಂದು ವರ್ಷದ ಗಂಟಲು, ಅದಕ್ಕೆ ಅವನು ಸಾಕಾಗಬಹುದು.

ಕಳೆದ ಶನಿವಾರ ಬರುವಾಗ ಸಿದ್ದಾಪುರ ದಾಟಿದ ಮೇಲೆ ರಸ್ತೆಯಲ್ಲಿ ಆನೆಗಳಿವೆ ಎಂದು ಬಸ್ಸು ನಿಲ್ಲಿಸಿದರು. ಡ್ರೈವರು ಇಂಜಿನ್ ಆರಿಸಿದ. ಹಿಂದಿನ ಸೀಟಿನವರು ಮಲಯಾಳದಲ್ಲೂ ಕೊಡವದಲ್ಲೂ ಮನೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ಹೇಳುತ್ತಿದ್ದರು. ನಾನೂ ಮನೆಗೆ ಹೇಳಬೇಕಿತ್ತು. ಫೋನ್ ಕೈಯಲ್ಲಿ ಹಿಡಿದುಕೊಂಡೇ ಕಿಟಕಿಗೆ ತಲೆ ಆನಿಸಿದೆ. ಎಚ್ಚರವಾದದ್ದು ಕಂಡಕ್ಟರು ಚೆಟ್ಟಳ್ಳಿ, ಚೆಟ್ಟಳ್ಳಿ ಎಂದು ಕೂಗಿದಾಗ.